ರ‍್ಯಾಕ್ ಮೊದಲು, ಚಾಸಿ ಆಮೇಲೆ: ಬಳ್ಳಾರಿಯ ಶೆಡ್ಡೊಂದರ ಪ್ರಕರಣ

ಹಿನ್ನೆಲೆ

ಬಳ್ಳಾರಿಯ ಹೊರವಲಯದಲ್ಲಿ, ಅದಿರಿನ ಲಾರಿಗಳು ಹಗಲಿರುಳು ಓಡಾಡುವ ರಸ್ತೆಯಿಂದ ಸ್ವಲ್ಪ ಒಳಗೆ, ಒಂದು ತಗಡಿನ ಶೆಡ್ ಇದೆ. ಮೂವತ್ತರ ಆಸುಪಾಸಿನ ಯುವಕನೊಬ್ಬ ಕಾರ್ಖಾನೆಯ ನಿರ್ವಹಣಾ ವಿಭಾಗದಲ್ಲಿ ಪಾಳಿ ಮುಗಿಸಿ ಬಂದು, ಅಲ್ಲಿ ತನ್ನ ಕೈಯಾರೆ ಒಂದು ಸ್ಪೋರ್ಟ್ಸ್ ಕಾರು ಕಟ್ಟುತ್ತಿದ್ದ. ಅವನ ತಂದೆ ಲಾರಿ ರಿಪೇರಿಯಲ್ಲೇ ಕೂದಲು ಹಣ್ಣಾಗಿಸಿಕೊಂಡವರು. ವೆಲ್ಡಿಂಗ್ ಯಂತ್ರ, ಜಾಕ್, ಎಂಜಿನ್ ಎತ್ತುವ ಚೈನ್ ಎಲ್ಲವೂ ಮನೆಯಲ್ಲೇ ಇದ್ದವು. ಗುರುತು ಸಿಗಬಾರದೆಂದು ಇಲ್ಲಿ ಕೆಲವು ವಿವರಗಳನ್ನು ಬದಲಿಸಿದ್ದೇನೆ. ಅಳತೆಗಳನ್ನು ಮಾತ್ರ ಬದಲಿಸಿಲ್ಲ, ಏಕೆಂದರೆ ಈ ಪ್ರಕರಣದಲ್ಲಿ ಬೇರೆಯವರ ಉಪಯೋಗಕ್ಕೆ ಬರುವುದು ಆ ಅಳತೆಗಳೇ.

ಕಾರಿನ ಮಾದರಿ 1957ರಲ್ಲಿ ಬ್ರಿಟನ್ನಿನಲ್ಲಿ ಹೊರಬಂದ ಲೋಟಸ್ ಸೆವೆನ್. ಚೌಕ ಪೈಪುಗಳ ಚಾಸಿ (ಕಾರಿನ ಹಂದರ), ಮುಂದೆ ಎಂಜಿನ್, ಹಿಂದಿನ ಚಕ್ರಗಳಿಗೆ ಚಾಲನೆ, ಇಬ್ಬರಿಗೆ ಮಾತ್ರ ಜಾಗ, ಬಾಗಿಲಿಲ್ಲ, ಮೇಲ್ಛಾವಣಿ ಇಲ್ಲ. ಎಂಜಿನ್ ಮತ್ತು ಗೇರ್‌ಬಾಕ್ಸ್ ಬಂದದ್ದು ಮುಂಭಾಗ ನುಜ್ಜುಗುಜ್ಜಾಗಿದ್ದ ಒಂದು ಮಾರುತಿ ಓಮ್ನಿಯಿಂದ. ಈ ಆಯ್ಕೆ ಜಾಣತನದ್ದು. ಓಮ್ನಿಯ 796 ಸಿಸಿ, ಮೂರು ಸಿಲಿಂಡರಿನ ಎಂಜಿನ್ ಉದ್ದುದ್ದವಾಗಿ ಕೂರುತ್ತದೆ, ಹಿಂದಿನ ಆಕ್ಸಲ್ ತಿರುಗಿಸುತ್ತದೆ, ಬಿಡಿಭಾಗಗಳು ಯಾವ ಊರಿನಲ್ಲಾದರೂ ಸಿಗುತ್ತವೆ. ಆದರೆ ಅಪಘಾತದಲ್ಲಿ ಅದರ ಸ್ಟೀರಿಂಗ್ ವ್ಯವಸ್ಥೆ ಪೂರ್ತಿ ಹಾಳಾಗಿತ್ತು. ಹಾಗಾಗಿ ರ‍್ಯಾಕನ್ನು (ಸ್ಟೀರಿಂಗ್ ತಿರುಗಿಸಿದಾಗ ಎಡಬಲಕ್ಕೆ ಸರಿದು ಗಾಲಿಗಳನ್ನು ತಿರುಗಿಸುವ ಹಲ್ಲಿನ ದಂಡವನ್ನು) ಬೇರೆ ಕಡೆ ಹುಡುಕಬೇಕಾಯಿತು. ಈ ಬರಹದ ವಿಷಯ ಅಷ್ಟೇ: ಒಂದು ರ‍್ಯಾಕ್ ಹುಡುಕಲು ಹೋದವನು ಚಾಸಿಯ ಮೂತಿಯನ್ನೇ ಕತ್ತರಿಸಿ ಮತ್ತೆ ಕಟ್ಟುವಂತಾದದ್ದು ಹೇಗೆ.

ಒಂದು ಮಾತನ್ನು ಮೊದಲೇ ಹೇಳಿಬಿಡಬೇಕು. ಹೀಗೆ ಮನೆಯಲ್ಲಿ ಕಟ್ಟಿದ ಕಾರು ನಮ್ಮ ರಸ್ತೆಗೆ ಇಳಿಯುವಂತಿಲ್ಲ. ತಯಾರಕರು ನಮೂದಿಸಿದ ವಿವರಗಳಿಗೆ ವ್ಯತ್ಯಾಸವಾಗುವಂತೆ ವಾಹನವನ್ನು ಬದಲಿಸುವುದನ್ನು 1988ರ ಮೋಟಾರು ವಾಹನ ಕಾಯ್ದೆಯ 52ನೇ ಕಲಂ ತಡೆಯುತ್ತದೆ. ಹೊಸ ಮಾದರಿಯೆಂದು ನೋಂದಾಯಿಸಬೇಕಾದರೆ 1989ರ ಕೇಂದ್ರ ನಿಯಮಗಳ ಪ್ರಕಾರ ಪರೀಕ್ಷಾ ಸಂಸ್ಥೆಯ ಅನುಮೋದನೆ ಬೇಕು. ಯುವಕನಿಗೆ ಇದು ಗೊತ್ತಿತ್ತು. ಸ್ವಂತ ಜಮೀನಿನಲ್ಲಿ ಓಡಿಸುವುದು, ಮುಂದೆ ಎಂದಾದರೂ ಲಾರಿಯ ಮೇಲೆ ಹೇರಿಕೊಂಡು ಕೊಯಮತ್ತೂರಿನ ಕರಿ ಎಂಬ ರೇಸ್ ಟ್ರ್ಯಾಕಿಗೆ ಒಯ್ಯುವುದು ಅವನ ಉದ್ದೇಶವಾಗಿತ್ತು.

ಸಮಸ್ಯೆ ಕಾಣಿಸಿದ ದಿನ

ನನ್ನನ್ನು ಕರೆದಾಗ ಚಾಸಿ ಮುಕ್ಕಾಲು ಭಾಗ ಮುಗಿದಿತ್ತು. ಮುಂದಿನ ಚಕ್ರಗಳ ಎ ಆಕಾರದ ತೋಳುಗಳು ಕೂರುವ ಬ್ರ್ಯಾಕೆಟ್‌ಗಳನ್ನು ಟ್ಯಾಕ್ ಮಾಡಿ (ಬೆಸುಗೆಯ ಚುಕ್ಕೆಗಳಿಂದ ತಾತ್ಕಾಲಿಕವಾಗಿ ಹಿಡಿಸಿ) ನಿಲ್ಲಿಸಿದ್ದ. ಕೆಳಗಿನ ತೋಳುಗಳ ಒಳ ಕೀಲುಗಳ ನಡುವಿನ ಅಂತರ 410 ಮಿಲಿಮೀಟರ್, ಮೇಲಿನವುಗಳದ್ದು 500, ಎರಡರ ನಡುವಿನ ಎತ್ತರ 200. ನಕ್ಷೆ ಬ್ರಿಟನ್ನಿನ ಹವ್ಯಾಸಿಗಳದ್ದು. ಅಲ್ಲಿ ಇಂಥ ಕಾರುಗಳಿಗೆ ಹಳೆಯ ಫೋರ್ಡ್ ಎಸ್ಕಾರ್ಟಿನ ರ‍್ಯಾಕ್ ಹಾಕುವುದು ವಾಡಿಕೆ, ಅದು ಆಕ್ಸಲಿನ ಗೆರೆಗಿಂತ ಮುಂದೆ ಕೂರುತ್ತದೆ. ಬಳ್ಳಾರಿಯಲ್ಲಿ ಎಸ್ಕಾರ್ಟಿನ ರ‍್ಯಾಕ್ ಎಲ್ಲಿಂದ ತರಬೇಕು? ಅವನು ಕೌಲ್ ಬಜಾರಿನ ಗುಜರಿಯಲ್ಲಿ ಒಂದು ಚಿಕ್ಕ ಹ್ಯಾಚ್‌ಬ್ಯಾಕಿನ ಪವರ್ ಇಲ್ಲದ ರ‍್ಯಾಕ್ ಆರಿಸಿ ತಂದಿದ್ದ. ಹಗುರ, ಅಗ್ಗ, ಟೈ ರಾಡಿನ (ರ‍್ಯಾಕನ್ನು ಗಾಲಿಗೆ ಜೋಡಿಸುವ ಸರಳಿನ) ಎಂಡ್‌ಗಳು ಎಲ್ಲೆಡೆ ಸಿಗುತ್ತವೆ. ಆಯ್ಕೆಯ ಹಿಂದಿನ ತರ್ಕ ಅಷ್ಟರ ಮಟ್ಟಿಗೆ ಸರಿಯೇ ಇತ್ತು.

ರ‍್ಯಾಕನ್ನು ಆಕ್ಸಲಿನ ಮುಂದೆ ಕ್ಲ್ಯಾಂಪ್ ಮಾಡಿ, ಸ್ಟೀರಿಂಗ್ ಚಕ್ರವನ್ನು ಬಲಕ್ಕೆ ತಿರುಗಿಸಿದ. ಗಾಲಿಗಳು ಎಡಕ್ಕೆ ತಿರುಗಿದವು.

ಇದು ಜೋಡಣೆಯ ತಪ್ಪಲ್ಲ, ರ‍್ಯಾಕಿನ ಸ್ವಭಾವ. ಎಂಜಿನ್ ಅಡ್ಡಲಾಗಿ ಕೂರುವ, ಮುಂದಿನ ಚಕ್ರ ಎಳೆಯುವ ಚಿಕ್ಕ ಕಾರುಗಳಲ್ಲಿ ರ‍್ಯಾಕ್ ಸಾಮಾನ್ಯವಾಗಿ ಆಕ್ಸಲಿನ ಹಿಂದೆ ಇರುತ್ತದೆ. ಗಾಲಿಯನ್ನು ಬಲಕ್ಕೆ ತಿರುಗಿಸಲು, ಗಾಲಿಯ ಸ್ಟೀರಿಂಗ್ ತೋಳು ಆಕ್ಸಲಿನ ಹಿಂಬದಿಯಲ್ಲಿದ್ದರೆ ಅದನ್ನು ಎಡಕ್ಕೆ ದೂಡಬೇಕು, ಮುಂಬದಿಯಲ್ಲಿದ್ದರೆ ಬಲಕ್ಕೆ ದೂಡಬೇಕು. ಪಿನಿಯನ್ (ರ‍್ಯಾಕನ್ನು ಸರಿಸುವ ಚಿಕ್ಕ ಹಲ್ಲುಗಾಲಿ) ರ‍್ಯಾಕಿನ ಮೇಲಿದೆಯೋ ಕೆಳಗಿದೆಯೋ ಎನ್ನುವುದು ಆ ದಿಕ್ಕನ್ನು ನಿರ್ಧರಿಸುತ್ತದೆ. ಹಾಗಾದರೆ ರ‍್ಯಾಕನ್ನು ಬೋರಲು ಹಾಕಬಹುದಲ್ಲ ಎಂದು ಅವನು ಕೇಳಿದ. ಹಾಕಬಹುದು, ದಿಕ್ಕು ಸರಿಯಾಗುತ್ತದೆ. ಆದರೆ ಬೋರಲು ಹಾಕಿದೊಡನೆ ಬಲಗಡೆ ಇದ್ದ ಪಿನಿಯನ್ ಎಡಗಡೆಗೆ ಹೋಗುತ್ತದೆ. ಎಡಗಡೆ ಚಾಲಕ ಕೂರುವ ದೇಶದ ಕಾರಿನ ರ‍್ಯಾಕ್ ಸಿಕ್ಕಿದ್ದರೆ ಅದನ್ನು ಬೋರಲು ಹಾಕಿ ನಮ್ಮ ಬಲಗಡೆಗೆ ತಂದುಕೊಳ್ಳಬಹುದಿತ್ತು. ನಮ್ಮ ಗುಜರಿಗಳಲ್ಲಿ ಅಂಥದ್ದು ಸಿಗುವುದಿಲ್ಲ. ನಡುವೆ ಗೇರುಗಳನ್ನು ಹಾಕಿ ದಿಕ್ಕು ತಿರುಗಿಸುವ ಯೋಚನೆಯೂ ಬಂತು. ನಾನು ಬೇಡವೆಂದೆ. ಸ್ಟೀರಿಂಗಿನ ದಾರಿಯಲ್ಲಿ ಸೇರಿಸುವ ಪ್ರತಿಯೊಂದು ಹಲ್ಲೂ ಒಂದಷ್ಟು ಸಡಿಲವನ್ನು ತರುತ್ತದೆ, ಮುರಿಯಬಹುದಾದ ಇನ್ನೊಂದು ಜಾಗವನ್ನೂ ತರುತ್ತದೆ.

ಹಾಗಾಗಿ ಮೊದಲ ನಿರ್ಧಾರ: ರ‍್ಯಾಕ್ ಆಕ್ಸಲಿನ ಹಿಂದಕ್ಕೆ ಹೋಗಬೇಕು. ಚಕ್ರ ಹಿಡಿಯುವ ನಕಲ್‌ಗಳನ್ನು ಅವನೇ ಪ್ಲೇಟಿನಿಂದ ಕಟ್ಟಿದ್ದ, ಸ್ಟೀರಿಂಗ್ ತೋಳುಗಳು ಬೋಲ್ಟಿನಲ್ಲಿ ಕೂರುತ್ತಿದ್ದವು. ಎಡಬಲ ಅದಲುಬದಲು ಮಾಡಿದಾಗ ತೋಳುಗಳು ಹಿಂದಕ್ಕೆ ಬಂದವು. ಆದರೆ ಮುಂದಿನ ರ‍್ಯಾಕಿಗೆಂದು ಹೊರಕ್ಕೆ ವಾಲಿಸಿದ್ದ ತೋಳುಗಳು ಹಿಂದಿನ ರ‍್ಯಾಕಿಗೆ ಒಳಕ್ಕೆ ವಾಲಬೇಕು. ಇಲ್ಲದಿದ್ದರೆ ತಿರುವಿನಲ್ಲಿ ಒಳಗಿನ ಗಾಲಿ ಹೊರಗಿನದಕ್ಕಿಂತ ಕಡಿಮೆ ತಿರುಗಿ ಟೈರನ್ನು ಉಜ್ಜುತ್ತದೆ. ತೋಳುಗಳನ್ನು ಹೊಸದಾಗಿ ಮಾಡಿದೆವು. ಹಿಂದಕ್ಕೆ ಬಂದ ರ‍್ಯಾಕಿಗೆ ಜಾಗ ಮಾಡಲು ಎಂಜಿನ್ನನ್ನು 80 ಮಿಲಿಮೀಟರ್ ಹಿಂದಕ್ಕೆ ತಳ್ಳಿ, ಹಿಂದಿನ ಆಕ್ಸಲಿಗೆ ಚಾಲನೆ ಒಯ್ಯುವ ಪ್ರೊಪೆಲ್ಲರ್ ಶಾಫ್ಟನ್ನು ಅಷ್ಟೇ ಕತ್ತರಿಸಿ ಬ್ಯಾಲೆನ್ಸ್ ಮಾಡಿಸಿದೆವು. ಲಾರಿಗಳ ಊರು ಇದು, ಶಾಫ್ಟ್ ಬ್ಯಾಲೆನ್ಸ್ ಮಾಡುವವರಿಗೆ ಇಲ್ಲಿ ಕೊರತೆಯಿಲ್ಲ.

ಅಗಲದ ತೊಡಕು

ನಿಜವಾದ ತೊಡಕು ಆಮೇಲೆ ಬಂತು. ರ‍್ಯಾಕಿನ ಎರಡು ತುದಿಗಳ ಬಾಲ್ ಜಾಯಿಂಟ್‌ಗಳ ಕೇಂದ್ರದಿಂದ ಕೇಂದ್ರಕ್ಕೆ ಟೇಪು ಹಿಡಿದರೆ 578 ಮಿಲಿಮೀಟರ್. ಚಾಸಿ ಕೇಳುತ್ತಿದ್ದ ಅಗಲ ಅದಕ್ಕಿಂತ ಬಹಳ ಕಡಿಮೆ.

ಚಾಸಿ ಒಂದು ಅಗಲವನ್ನು ಏಕೆ ಕೇಳುತ್ತದೆ? ಗಾಲಿ ಮೇಲೆ ಕೆಳಗೆ ಆಡುವಾಗ ಮೇಲಿನ ತೋಳು ಒಂದು ಕಮಾನಿನಲ್ಲಿ, ಕೆಳಗಿನ ತೋಳು ಇನ್ನೊಂದು ಕಮಾನಿನಲ್ಲಿ ತೂಗುತ್ತವೆ. ಟೈ ರಾಡ್ ಅವೆರಡರ ಜೊತೆ ಹೊಂದುವ ಕಮಾನಿನಲ್ಲೇ ತೂಗಬೇಕು. ಇಲ್ಲದಿದ್ದರೆ ಗುಂಡಿಗೆ ಬಿದ್ದಾಗ, ಚಾಲಕನ ಕೈ ಅಲುಗದಿದ್ದರೂ, ಗಾಲಿ ತಾನಾಗಿ ಒಂದಷ್ಟು ತಿರುಗಿಬಿಡುತ್ತದೆ. ಇದನ್ನು ಬಂಪ್ ಸ್ಟಿಯರ್ ಎನ್ನುತ್ತಾರೆ. ಟೈ ರಾಡಿನ ಹೊರಗಿನ ಜಾಯಿಂಟ್ ಮೇಲಿನ ಮತ್ತು ಕೆಳಗಿನ ತೋಳುಗಳ ಹೊರತುದಿಯ ಎರಡು ಬಾಲ್ ಜಾಯಿಂಟ್‌ಗಳನ್ನು ಕೂಡಿಸುವ ಗೆರೆಯ ಮೇಲಿದ್ದರೆ, ಒಳಗಿನ ಜಾಯಿಂಟ್ ಮೇಲಿನ ಮತ್ತು ಕೆಳಗಿನ ಒಳ ಕೀಲುಗಳನ್ನು ಕೂಡಿಸುವ ಗೆರೆಯ ಮೇಲಿರಬೇಕು, ಮತ್ತು ಎರಡು ತೋಳುಗಳು, ಟೈ ರಾಡ್, ಈ ಮೂರರ ರೇಖೆಗಳೂ ಮುಂದುವರಿದು ಒಂದೇ ಬಿಂದುವಿನಲ್ಲಿ ಸೇರಬೇಕು. ಅವನು ರ‍್ಯಾಕನ್ನು ಕೆಳಗಿನ ಕೀಲಿಗಿಂತ 50 ಮಿಲಿಮೀಟರ್ ಮೇಲೆ ಇಟ್ಟಿದ್ದ. 50 ಎಂದರೆ 200ರ ಎತ್ತರದ ಕಾಲುಭಾಗ, ಹಾಗಾಗಿ ಅಲ್ಲಿ ಬೇಕಾದ ಅಗಲ, 410ಕ್ಕೆ ಮೇಲಿನ ಮತ್ತು ಕೆಳಗಿನ ಅಗಲಗಳ ವ್ಯತ್ಯಾಸವಾದ 90ರ ಕಾಲುಭಾಗ ಸೇರಿಸಿದರೆ, ಸುಮಾರು 432. ತಂದ ರ‍್ಯಾಕ್ ಪ್ರತಿ ಬದಿಗೆ 73 ಮಿಲಿಮೀಟರ್ ಹೆಚ್ಚು ಅಗಲ.

ಲೆಕ್ಕವನ್ನು ನಂಬದೆ ಅಳೆದು ನೋಡಿದೆವು. ಸ್ಪ್ರಿಂಗ್ ತೆಗೆದು, ಗಾಲಿಯ ಜಾಗದಲ್ಲಿ ಚಪ್ಪಟೆ ಪ್ಲೇಟ್ ಕಟ್ಟಿ, 330 ಮಿಲಿಮೀಟರ್ ಅಂತರದಲ್ಲಿ ಎರಡು ಡಯಲ್ ಗೇಜ್ (ಸೂಕ್ಷ್ಮ ಚಲನೆಯನ್ನು ಮುಳ್ಳಿನಲ್ಲಿ ತೋರಿಸುವ ಮಾಪಕ) ನಿಲ್ಲಿಸಿ, ಜಾಕಿನಿಂದ ಹತ್ತು ಹತ್ತು ಮಿಲಿಮೀಟರ್ ಎತ್ತುತ್ತ ಓದಿಕೊಂಡು, ಕಾಗದದ ಮೇಲೆ ಗೆರೆಯಾಗಿ ಬರೆದೆವು. 50 ಮಿಲಿಮೀಟರ್ ಏರಿದಾಗ ಪ್ಲೇಟಿನ ಮುಂಭಾಗ ಮೂರು ಮಿಲಿಮೀಟರಿಗಿಂತ ಹೆಚ್ಚು ಹೊರಕ್ಕೆ ವಾಲಿತು. ಇಳಿದಾಗಲೂ ಹೊರಕ್ಕೇ ವಾಲಿತು. ಅಂದರೆ ಒಂದು ಗಾಲಿಗೆ ಅರ್ಧ ಡಿಗ್ರಿಗೂ ಮೀರಿ. 550 ಕಿಲೋ ತೂಗುವ ಕಾರಿನಲ್ಲಿ, ವೇಗದ ತಿರುವಿನ ನಡುವೆ ಒಂದು ಉಬ್ಬು ಬಂದರೆ, ಇದು ಚಾಲಕನ ಕೈಯಿಂದ ಕಾರನ್ನು ಕಿತ್ತುಕೊಂಡಂತೆ ಆಗುತ್ತದೆ.

ಆ ಕಾಗದದ ಮೇಲಿನ ಗೆರೆಯನ್ನು ಓದುವುದನ್ನು ಎಲ್ಲರೂ ಕಲಿಯಬೇಕೆಂದು ನನಗೆ ಅನಿಸುತ್ತದೆ. ಏರಿದಾಗ ಒಂದು ಕಡೆಗೆ, ಇಳಿದಾಗ ವಿರುದ್ಧ ಕಡೆಗೆ ವಾಲಿದರೆ, ಗೆರೆ ಓರೆಯಾಗಿ ನೇರವಾಗಿರುತ್ತದೆ: ಅದು ರ‍್ಯಾಕಿನ ಎತ್ತರದ ತಪ್ಪು. ಎರಡೂ ಸಲ ಒಂದೇ ಕಡೆಗೆ ವಾಲಿ ಗೆರೆ ಬಿಲ್ಲಿನಂತೆ ಬಾಗಿದರೆ ಟೈ ರಾಡಿನ ಉದ್ದದ ತಪ್ಪು, ಅಂದರೆ ರ‍್ಯಾಕಿನ ಅಗಲದ ತಪ್ಪು. ಎತ್ತರದ ತಪ್ಪಿಗೆ ವಾಷರ್ ಸಾಕು. ಅಗಲದ ತಪ್ಪಿಗೆ ವಾಷರಿನಲ್ಲಿ ಪರಿಹಾರವಿಲ್ಲ. ನಮ್ಮದು ಬಿಲ್ಲಾಗಿತ್ತು.

ಕಾಕಾ ಒಪ್ಪದಿದ್ದ ಕೆಲಸ

ಎಲ್ಲರಿಗೂ ಮೊದಲು ಹೊಳೆಯುವ ಉಪಾಯ ಅವನಿಗೂ ಹೊಳೆಯಿತು: ರ‍್ಯಾಕನ್ನು ನಡುವೆ ಕತ್ತರಿಸಿ, ಗಿಡ್ಡ ಮಾಡಿ, ಬೆಸೆಯುವುದು. ಅವನ ತಂದೆಯ ಹಳೆಯ ಗೆಳೆಯರೊಬ್ಬರು ಲೇತ್ ಇಟ್ಟುಕೊಂಡಿದ್ದಾರೆ, ಊರಿನ ಅರ್ಧದಷ್ಟು ಲಾರಿಗಳ ಶಾಫ್ಟುಗಳು ಅವರ ಕೈಯಲ್ಲಿ ಹಾದುಹೋಗಿವೆ. ರ‍್ಯಾಕನ್ನು ಬಟ್ಟೆಯಲ್ಲಿ ಸುತ್ತಿಕೊಂಡು ಅವರ ಬಳಿ ಹೋದೆವು.

‘ಕಾಕಾ, ಇದನ್ನು 146 ಮಿಲಿಮೀಟರ್ ಗಿಡ್ಡ ಮಾಡಿಕೊಡಬೇಕು,’ ಎಂದ ಯುವಕ.

ಅವರು ಹಲ್ಲುಗಳ ಮೇಲೆ ಅರ ಎಳೆದು ನೋಡಿದರು. ಅರ ಜಾರಿತು, ಕಚ್ಚಲಿಲ್ಲ. ‘ಇದು ಕಾಯಿಸಿ ಗಟ್ಟಿ ಮಾಡಿದ ಉಕ್ಕು ತಮ್ಮಾ. ಬೆಸೆದರೆ ಬೆಸುಗೆಯ ಪಕ್ಕದಲ್ಲೇ ಗಾಜಿನಂತಾಗುತ್ತದೆ. ಕಣ್ಣಿಗೆ ಚೆನ್ನಾಗಿ ಕಾಣುತ್ತದೆ, ಒಂದು ದಿನ ಸದ್ದಿಲ್ಲದೆ ಬಿಟ್ಟುಕೊಳ್ಳುತ್ತದೆ. ಲಾರಿಯ ಬಾಡಿ ಬೆಸೆಯಲು ಹೇಳು, ರಾತ್ರಿಯಿಡೀ ಬೆಸೆಯುತ್ತೇನೆ. ಇದನ್ನು ಮಾತ್ರ ನನ್ನ ಕೈಯಿಂದ ಮಾಡಿಸಬೇಡ.’

ಹಲ್ಲಿಲ್ಲದ ಬದಿಯನ್ನು ಕತ್ತರಿಸಿ, ತುದಿಗೆ ಹೊಸ ಥ್ರೆಡ್ (ಸ್ಕ್ರೂವಿನ ಸುರುಳಿ ಗೆರೆ) ಕೊರೆಯಬಹುದೇ ಎಂದು ನಾನು ಕೇಳಿದೆ. ಅದು ಬೆಸುಗೆಯಿಲ್ಲದ ದಾರಿ, ಕೆಲವರು ಮಾಡುತ್ತಾರೆ. ಆದರೆ ಹಲ್ಲಿರುವ ಬದಿಯಲ್ಲಿ ಅಷ್ಟು ಕತ್ತರಿಸಲು ಜಾಗವಿರಲಿಲ್ಲ. ಒಂದೇ ಬದಿಯಲ್ಲಿ ಕತ್ತರಿಸಿದರೆ ರ‍್ಯಾಕ್ ಕಾರಿನ ನಡುವಿಗೆ ಬರಲು ಪಿನಿಯನ್ ಪಕ್ಕಕ್ಕೆ ಸರಿಯಬೇಕು, ಸ್ಟೀರಿಂಗ್ ಚಕ್ರದಿಂದ ಪಿನಿಯನ್ನಿಗೆ ಇಳಿಯುವ ದಂಡ, ಅಂದರೆ ಕಾಲಮ್, ಚಾಲಕನ ಮೊಣಕಾಲಿಗೆ ಬರುತ್ತದೆ. ರ‍್ಯಾಕಿನ ತುದಿಗಳಿಗೆ ಪಟ್ಟಿ ಕಟ್ಟಿ ಜಾಯಿಂಟುಗಳನ್ನು ಒಳಕ್ಕೆ ತರುವುದೂ ಒಳ್ಳೆಯದಲ್ಲ. ಪಟ್ಟಿಯ ಮೇಲಿನ ಎಳೆತ ರ‍್ಯಾಕಿನ ದಂಡವನ್ನು ತಿರುಚುತ್ತದೆ, ಆ ತಿರುಚನ್ನು ತಡೆಯಲು ಪಿನಿಯನ್ನಿನ ಹಲ್ಲುಗಳೊಂದೇ ಇರುತ್ತವೆ.

ಆ ದಿನ ಕಾಕಾ ಒಪ್ಪಿಬಿಟ್ಟಿದ್ದರೆ ಕೆಲಸ ಸಂಜೆಗೆ ಮುಗಿಯುತ್ತಿತ್ತು. ಈ ಪ್ರಕರಣದಲ್ಲಿ ನಾನು ಅತಿ ಹೆಚ್ಚು ಗೌರವಿಸುವ ನಿರ್ಧಾರ ಅವರದ್ದು. ಅವರು ಕೂಲಿ ಬಿಟ್ಟರು, ಗೆಳೆಯನ ಮಗನ ಮುನಿಸನ್ನೂ ಹೊತ್ತರು.

ಮುನಿಸಿನಲ್ಲೇ ಅವನು ಒಂದು ಬಗ್ಗಿ ರ‍್ಯಾಕ್ ತರಿಸಿದ. ಕಾಲೇಜು ತಂಡಗಳು ಸ್ಪರ್ಧೆಯ ಬಗ್ಗಿಗಳಿಗೆ, ಅಂದರೆ ಚಿಕ್ಕ ತೆರೆದ ಕಾರುಗಳಿಗೆ, ಬಳಸುವ ಬಗೆಯದು. ಅಗಲ 305, ಒಂದೂವರೆ ಸುತ್ತಿನಲ್ಲಿ ತುದಿಯಿಂದ ತುದಿಗೆ 100 ಮಿಲಿಮೀಟರ್ ಚಲನೆ. 110 ಮಿಲಿಮೀಟರಿನ ಸ್ಟೀರಿಂಗ್ ತೋಳಿಗೆ ಇದು ಸುಮಾರು 10:1 ಅನುಪಾತ, ಹ್ಯಾಚ್‌ಬ್ಯಾಕಿನ ರ‍್ಯಾಕಿನದು 17:1. ಕೈಯಲ್ಲಿ ಹಿಡಿದಾಗ ಅದರ ಚುರುಕು ಮನಸ್ಸನ್ನು ಸೆಳೆಯುತ್ತದೆ, ನಿಜ. ಆದರೆ ಈಗ ಅಗಲ ಬೇಕಾದುದಕ್ಕಿಂತ ಕಡಿಮೆ. ಗೇಜಿನಲ್ಲಿ ಬಿಲ್ಲು ವಿರುದ್ಧ ಕಡೆಗೆ ಬಾಗಿತು, ಸುಮಾರು 1.8 ಮಿಲಿಮೀಟರ್. ಅದಕ್ಕಿಂತ ದೊಡ್ಡ ಅಡ್ಡಿ ಪಿನಿಯನ್ ನಟ್ಟನಡುವೆ ಇರುವುದು. ಬಗ್ಗಿಯಲ್ಲಿ ಚಾಲಕ ನಡುವೆ ಕೂರುತ್ತಾನೆ. ಇಲ್ಲಿ ನಡುವೆ ಎಂಜಿನ್ ಇದೆ. ಕಾಲಮ್ಮನ್ನು ಬಲಕ್ಕೆ ತರಲು ಯೂನಿವರ್ಸಲ್ ಜಾಯಿಂಟನ್ನು (ತಿರುಗುವ ಎರಡು ದಂಡಗಳನ್ನು ಕೋನದಲ್ಲಿ ಜೋಡಿಸುವ ಕೀಲನ್ನು) 40 ಡಿಗ್ರಿಯ ಆಸುಪಾಸಿಗೆ ಬಗ್ಗಿಸಬೇಕಿತ್ತು, ಅದನ್ನು ಯಾವ ಒಳ್ಳೆಯ ಜಾಯಿಂಟೂ ಸಹಿಸುವುದಿಲ್ಲ.

ದೊಡ್ಡ ಕಾರಿನ ಪವರ್ ರ‍್ಯಾಕಿನಿಂದ ಎಣ್ಣೆ ಬಸಿದು ಬಳಸುವ ಸಲಹೆಯೂ ಯಾರಿಂದಲೋ ಬಂತು. ಅದರ ಕವಾಟದೊಳಗೆ ತಿರುಚಿಕೊಳ್ಳುವ ಸಣ್ಣ ಸರಳಿದೆ. ಎಣ್ಣೆಯ ಒತ್ತಡವಿಲ್ಲದಾಗ ಅದು ನಡುವಿನಲ್ಲಿ ಸಡಿಲವೆಂಬಂತೆ ಕೈಗೆ ಸಿಗುತ್ತದೆ, ಒಳಗಿನ ಸೀಲುಗಳು ಬೇರೆ ಎಳೆಯುತ್ತವೆ. ಆ ದಾರಿ ಬೇಡವೆಂದು ಐದು ನಿಮಿಷದಲ್ಲಿ ತೀರ್ಮಾನವಾಯಿತು.

ಸೀಮೆಸುಣ್ಣದ ರಾತ್ರಿ

ಒಂದು ಭಾನುವಾರ ಶೆಡ್ಡಿನ ನೆಲವನ್ನು ತೊಳೆದು, ಮುಂಭಾಗದ ಪೂರ್ತಿ ಜ್ಯಾಮಿತಿಯನ್ನು ನಿಜವಾದ ಅಳತೆಯಲ್ಲೇ ಸೀಮೆಸುಣ್ಣದಿಂದ ಬರೆದೆವು. ತೋಳುಗಳಿಗೆ ರಟ್ಟಿನ ಪಟ್ಟಿಗಳು, ಕೀಲುಗಳಿಗೆ ಮೊಳೆಗಳು. ಅದುವರೆಗೆ ನಾವು ಚಾಸಿ ಸ್ಥಿರ, ರ‍್ಯಾಕ್ ಹೊಂದಿಕೊಳ್ಳಬೇಕು ಎಂದು ಯೋಚಿಸುತ್ತಿದ್ದೆವು. ಯುವಕ ಗೋಡೆಗೊರಗಿ ಬಹಳ ಹೊತ್ತು ಆ ಚಿತ್ರ ನೋಡಿ ಕೇಳಿದ: ‘ಸರ್, ಬ್ರ್ಯಾಕೆಟ್‌ಗಳು ಇನ್ನೂ ಟ್ಯಾಕ್‌ನಲ್ಲೇ ಇವೆ. ರ‍್ಯಾಕಿಗೆ ಅವನ್ನು ಹೊಂದಿಸಿದರೆ?’

ಅಲ್ಲಿಂದ ಎಲ್ಲವೂ ತಿರುಗಿತು. ಕಾರ್ಖಾನೆಯಲ್ಲಿ ತಯಾರಾದ ಒಂದೇ ಒಂದು ತುಂಡು ಆ ರ‍್ಯಾಕ್, ಬದಲಾಗಬಾರದ ವಸ್ತುವೂ ಅದೊಂದೇ. ಉಳಿದ ಪೈಪು, ಪ್ಲೇಟು ಎಲ್ಲವೂ ನಮ್ಮ ಕೈಯವು.

ಮೊದಲು ರ‍್ಯಾಕನ್ನು ಮೇಲೆತ್ತಿದೆವು, ಕೆಳಗಿನ ಕೀಲಿನಿಂದ 150 ಮಿಲಿಮೀಟರಿಗೆ. ಮೇಲೆ ಹೋದಷ್ಟೂ ಬೇಕಾದ ಅಗಲ ಹೆಚ್ಚುತ್ತದೆ, ಅಲ್ಲಿ ಅದು 477 ದಾಟುತ್ತದೆ. 578ಕ್ಕೆ ಉಳಿದದ್ದು ಪ್ರತಿ ಬದಿಗೆ 50. ಮೇಲಿನ, ಕೆಳಗಿನ ಎಲ್ಲ ಒಳ ಕೀಲುಗಳನ್ನೂ ಅಷ್ಟೇ ಹೊರಕ್ಕೆ ಸರಿಸಿದೆವು. ನಕಲಿನ ಮೇಲೆ ಸ್ಟೀರಿಂಗ್ ತೋಳನ್ನೂ ಅದೇ ಪ್ರಮಾಣದಲ್ಲಿ ಮೇಲೆ ಕೂರಿಸಿದೆವು. ತೋಳುಗಳು ತೀರ ಗಿಡ್ಡವಾದರೆ ಗಾಲಿಯ ವಾಲು ಬೇಗ ಬೇಗ ಬದಲಾಗುತ್ತದೆ ಎಂದು, ಕೆಳಗಿನ ತೋಳಿನ 330 ಅನ್ನು 310ಕ್ಕೆ ಮಾತ್ರ ಇಳಿಸಿದೆವು. ಹೀಗಾಗಿ ಮುಂದಿನ ಗಾಲಿಗಳ ಅಂತರ ಒಟ್ಟು 60 ಮಿಲಿಮೀಟರ್ ಹೆಚ್ಚಿತು. ಆಗಲೇ ತಟ್ಟಿ ಮುಗಿಸಿದ್ದ ಮಡ್‌ಗಾರ್ಡ್‌ಗಳು ವ್ಯರ್ಥವಾದವು. ಅವನ ತಂದೆ ಅವುಗಳಿಗಾಗಿ ಎರಡು ವಾರ ಕೂತಿದ್ದರು. ಅವರೇ ಸುತ್ತಿಗೆ ತಂದು ಹೊಸದನ್ನು ಶುರುಮಾಡಿದರು.

ಆಮೇಲೆ ಕಂಡದ್ದು

ಹೊಸ ಜೋಡಣೆಯ ಮೊದಲ ಅಳತೆಯಲ್ಲಿ 50 ಮಿಲಿಮೀಟರಿಗೆ 1.4 ವ್ಯತ್ಯಾಸ ಬಂತು. ಆದರೆ ಗೆರೆ ನೇರವಾಗಿತ್ತು, ಬಿಲ್ಲು ಹೋಗಿತ್ತು. ಅಂದರೆ ಉಳಿದದ್ದು ಎತ್ತರದ ತಪ್ಪು ಮಾತ್ರ. ರ‍್ಯಾಕಿನ ಅಡಿಗೆ 3 ಮಿಲಿಮೀಟರ್ ತಗಡು ಕೊಟ್ಟಾಗ ವ್ಯತ್ಯಾಸ 0.3ಕ್ಕೆ ಇಳಿಯಿತು. ಅವನು ಗೇಜನ್ನು ಮೂರು ಸಲ ಸೊನ್ನೆಗೆ ತಂದು ಮತ್ತೆ ಓದಿದ.

ಇಷ್ಟಾದರೂ ಸ್ಟೀರಿಂಗ್ ಮಂದವಾಗಿತ್ತು. ಒಬ್ಬರು ಚಕ್ರ ತಿರುಗಿಸುತ್ತಿರುವಾಗ ರ‍್ಯಾಕಿನ ಕವಚಕ್ಕೆ ಗೇಜ್ ಹಚ್ಚಿ ನೋಡಿದರೆ, ರ‍್ಯಾಕ್ ಕೂತಿದ್ದ ಪೈಪೇ ಎರಡು ಮಿಲಿಮೀಟರ್ ಪಕ್ಕಕ್ಕೆ ಹೋಗುತ್ತಿತ್ತು. ಕ್ಲ್ಯಾಂಪಿನ ಹಳೆಯ ರಬ್ಬರಿನದೂ ಒಂದಷ್ಟು ಪಾಲಿತ್ತು. ಪೈಪಿಗೆ ಓರೆಯ ಆಧಾರ ಬೆಸೆದು, ರಬ್ಬರಿನ ಜಾಗಕ್ಕೆ ಅಲ್ಯುಮಿನಿಯಂ ಕ್ಲ್ಯಾಂಪ್ ಮಾಡಿಸಿದೆವು. ಅದನ್ನು ಮಾಡಿಕೊಟ್ಟವರು ಅದೇ ಕಾಕಾ, ಕೂಲಿ ತೆಗೆದುಕೊಳ್ಳಲಿಲ್ಲ.

ಕಾಲಮ್ಮಿನಲ್ಲೂ ಒಂದು ತಪ್ಪು ಸಿಕ್ಕಿತು. ಎರಡು ಯೂನಿವರ್ಸಲ್ ಜಾಯಿಂಟ್‌ಗಳ ಕವೆಗಳು ಒಂದಕ್ಕೊಂದು ಅಡ್ಡಲಾಗಿ ಕೂತಿದ್ದವು. 25 ಡಿಗ್ರಿ ಬಾಗಿದ ಒಂದು ಜಾಯಿಂಟ್ ತಿರುಗುವಾಗ ವೇಗ ಸುಮಾರು ಹತ್ತನೇ ಒಂದು ಭಾಗ ಏರಿಳಿಯುತ್ತದೆ. ಎರಡನೆಯದು ಸರಿಯಾಗಿ ಕೂತರೆ ಆ ಏರಿಳಿತವನ್ನು ಅಳಿಸುತ್ತದೆ, ಅಡ್ಡ ಕೂತರೆ ಇಮ್ಮಡಿಗೊಳಿಸುತ್ತದೆ. ಪ್ರತಿ ಸುತ್ತಿಗೆ ಎರಡು ಸಲ ಚಕ್ರ ಭಾರವಾಗಿ ಹಗುರಾಗುತ್ತಿದ್ದುದು ಅದರಿಂದಲೇ. ಎರಡು ಜಾಯಿಂಟ್‌ಗಳಿಂದ ಇನ್ನೊಂದು ಲಾಭವಿದೆ: ಮುಂದಿನಿಂದ ಗುದ್ದು ಬಿದ್ದಾಗ ಕಾಲಮ್ ನೇರವಾಗಿ ಎದೆಗೆ ಬಾರದೆ ಮಡಚಿಕೊಳ್ಳುತ್ತದೆ.

ಗುಜರಿಯಿಂದ ರ‍್ಯಾಕ್ ಆರಿಸುವವರಿಗೆ ನಮ್ಮ ಜಿಲ್ಲೆಯದೇ ಒಂದು ಎಚ್ಚರಿಕೆ ಹೇಳಬೇಕು. ಸಂಡೂರಿನ ಕಡೆಯಿಂದ ಬರುವ ಕೆಂಪು ಅದಿರಿನ ಧೂಳು ಹರಿದ ರಬ್ಬರ್ ಬೂಟಿನೊಳಗೆ ನುಗ್ಗಿ, ಗ್ರೀಸಿನೊಂದಿಗೆ ಬೆರೆತು, ಉಜ್ಜುವ ಪುಡಿಯಾಗುತ್ತದೆ. ಅವನು ಮೊದಲು ತಂದ ರ‍್ಯಾಕ್ ಬಿಚ್ಚಿದಾಗ ಗ್ರೀಸ್ ಇಟ್ಟಿಗೆಯ ಬಣ್ಣಕ್ಕಿತ್ತು. ಹಲ್ಲುಗಳು ಸವೆಯುವುದು ನಡುವಿನಲ್ಲಿ, ಏಕೆಂದರೆ ಕಾರು ಹೆಚ್ಚಾಗಿ ನೇರ ಓಡುತ್ತದೆ. ನಡುವಿನ ಸಡಿಲಕ್ಕೆ ಬಿಗಿ ಮಾಡಿದರೆ ತುದಿಗಳಲ್ಲಿ ಕಚ್ಚಿಕೊಳ್ಳುತ್ತದೆ, ತಿರುವಿನಿಂದ ಚಕ್ರ ಮರಳುವುದಿಲ್ಲ. ಅಂಗಡಿಯಲ್ಲೇ ಪಿನಿಯನ್ ಹಿಡಿದು ತುದಿಯಿಂದ ತುದಿಗೆ ತಿರುಗಿಸಿ ನೋಡಬೇಕು. ನಡುವೆ ಸಡಿಲ, ತುದಿಯಲ್ಲಿ ಬಿಗಿ ಎನಿಸಿದರೆ ಅಲ್ಲೇ ಬಿಟ್ಟು ಬರಬೇಕು. ನಾವು ಅದನ್ನು ಬಿಟ್ಟು, ಅದೇ ಮಾದರಿಯ ಹೊಸ ರ‍್ಯಾಕ್ ಕೊಂಡೆವು. ಅಷ್ಟೆಲ್ಲ ಕತ್ತರಿಸಿ ಕಟ್ಟಿದ ಮೇಲೆ ಇಲ್ಲಿ ಹಣ ಉಳಿಸುವುದು ತಪ್ಪೆಂದು ಅವನೇ ಹೇಳಿದ.

ಹಿಂತಿರುಗಿ ನೋಡಿದರೆ, ಕಳೆದ ಐದು ತಿಂಗಳಲ್ಲಿ ನಾಲ್ಕು ತಿಂಗಳು ಒಂದೇ ಕ್ರಮದ ತಪ್ಪಿಗೆ ಸಂದವು. ರ‍್ಯಾಕನ್ನು ಅವನು ಸೀಟಿನಂತೆ, ದೀಪದಂತೆ, ಕೊನೆಯಲ್ಲಿ ಕೂರಿಸುವ ವಸ್ತುವೆಂದು ಎಣಿಸಿದ್ದ. ಅದರ ಎರಡು ತುದಿಯ ಜಾಯಿಂಟ್‌ಗಳು ಸಸ್ಪೆನ್ಷನ್ನಿನ ಕೀಲುಗಳೇ. ಮೊದಲ ಪೈಪು ಕತ್ತರಿಸುವ ಮೊದಲೇ ರ‍್ಯಾಕ್ ಕೈಯಲ್ಲಿರಬೇಕು. ಅದರ ಅಗಲ, ಪೂರ್ತಿ ಚಲನೆ, ಒಂದು ಸುತ್ತಿಗೆ ಎಷ್ಟು ಸರಿಯುತ್ತದೆ, ಪಿನಿಯನ್ ಯಾವ ಬದಿ, ಆಕ್ಸಲಿನ ಹಿಂದಿನದೋ ಮುಂದಿನದೋ ಎಂಬುದನ್ನು ಬರೆದುಕೊಂಡಿರಬೇಕು. ಬೇರೆ ದೇಶದ ನಕ್ಷೆ ತಂದಾಗ ಅದರ ಹಿಂದೆ ಆ ದೇಶದ ಗುಜರಿಯೂ ಇದೆ ಎಂಬುದು ನನಗೂ ಮೊದಲ ದಿನವೇ ಹೊಳೆಯಬೇಕಿತ್ತು. ಹೊಳೆಯಲಿಲ್ಲ.

ಕಾರು ಮೊದಲು ಓಡಿದ್ದು ಅವರ ಹೊಲದಲ್ಲಿ, ಹತ್ತಿ ಬಿಡಿಸಿ ಖಾಲಿಯಾದ ಎರೆ ನೆಲದ ಮೇಲೆ. ಬೇಸಿಗೆಗೆ ಬಾಯಿಬಿಟ್ಟ ಬಿರುಕುಗಳ ಮೇಲೆ ಗಾಲಿಗಳು ಕುಣಿಯುತ್ತಿದ್ದವು, ಸ್ಟೀರಿಂಗ್ ಚಕ್ರ ಅವನ ಎರಡು ಬೆರಳುಗಳ ನಡುವೆ ಅಲುಗದೆ ನಿಂತಿತ್ತು. ಅವನ ತಂದೆ ಬದುವಿನ ಮೇಲೆ ನಿಂತು ಅದನ್ನೇ ನೋಡುತ್ತಿದ್ದರು. ನಿಂತಲ್ಲೇ ತಿರುಗಿಸಲು ಇನ್ನೂ ತುಸು ಭಾರವಿದೆ, ಪೂರ್ತಿ ಎಡಕ್ಕೆ ತಿರುಗಿಸಿದಾಗ ಟೈರು ಕೆಳಗಿನ ತೋಳಿಗೆ ತಾಗುತ್ತದೆ. ರ‍್ಯಾಕಿನೊಳಗೆ ತಡೆಯ ಉಂಗುರ ಹಾಕಿ ಚಲನೆಯನ್ನು ಎರಡೂ ಬದಿಗೆ ನಾಲ್ಕು ಮಿಲಿಮೀಟರ್ ಕಡಿಮೆ ಮಾಡುವ ಕೆಲಸ ಮುಂದಿನ ರಜೆಗೆ ಉಳಿದಿದೆ.